ಅಪ್ಪನ ಹೊಟ್ಟೆಯೊಳಗಿನ ಈಜುಗಾರ

ಹೊಟ್ಟೆ ಉರಿಗೆ ಕಾರಣ ಮಿರ್ಚಿ. ನಮ್ಮ ಮನೆಯಲ್ಲಿ ಈ ಬಗ್ಗೆ ಎರಡು ಮಾತೇ ಇರಲಿಲ್ಲ. ಅಪ್ಪ ಸಂತೆಗಳಲ್ಲಿ ರೆಡಿಮೇಡ್ ಬಟ್ಟೆ ಮಾರುತ್ತಾನೆ. ಇವತ್ತು ಕೂಡ್ಲಿಗಿ ಆದರೆ ನಾಳೆ ಕೊಟ್ಟೂರು, ಆಮೇಲೆ ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆ ಒಂದನ್ನು ಬಿಟ್ಟರೆ ಉಳಿದ ಐದೂ ಅವನ ಅಂಗಡಿಯೇ. ಬೆಳಿಗ್ಗೆ ಗಂಟು ಕಟ್ಟಿಕೊಂಡು ಹೊರಟರೆ ಮಧ್ಯಾಹ್ನಕ್ಕೆ ಊಟವಿಲ್ಲ, ಒಂದು ಪ್ಲೇಟ್ ಮಂಡಕ್ಕಿ, ನಾಲ್ಕು ಮಿರ್ಚಿ, ಮೇಲೆ ಚಹಾ. ಹಾಗಾಗಿ ರಾತ್ರಿ ಅವನು ಹೊಟ್ಟೆ ಹಿಡಿದುಕೊಂಡು ಎದ್ದು ಕೂತಾಗಲೆಲ್ಲ ಅವ್ವ ಬೈಯುತ್ತಿದ್ದುದು ಮಿರ್ಚಿಯನ್ನೇ.

ಒಂದು ವಿಷಯ ಮಾತ್ರ ನನಗೆ ವಿಚಿತ್ರ ಅನ್ನಿಸುತ್ತಿತ್ತು. ನೋವು ಬರುತ್ತಿದ್ದುದು ತಿಂದ ಮೇಲಲ್ಲ, ಹೊಟ್ಟೆ ಖಾಲಿ ಇದ್ದಾಗ. ನಡುರಾತ್ರಿ ಎರಡು ಗಂಟೆಗೆ ಎದ್ದು ಅಡುಗೆ ಮನೆಯಲ್ಲಿ ಒಣ ರೊಟ್ಟಿ ಮುರಿದು ತಿಂದರೆ ಕಡಿಮೆಯಾಗುತ್ತಿತ್ತು. ಮಿರ್ಚಿಯೇ ಕಾರಣವಾಗಿದ್ದರೆ ತಿಂದ ಕೂಡಲೇ ಉರಿಯಬೇಕಲ್ಲವೇ? ಕೇಳಿದರೆ ಅಪ್ಪನ ಉತ್ತರ ಸಿದ್ಧವಿತ್ತು, ‘ಗ್ಯಾಸ್ಟ್ರಿಕ್ ಐತೆ ಬಿಡವ್ವ, ಯಾರಿಗಿಲ್ಲ?’ ಸೋಡಾ, ಗುಲಾಬಿ ಬಣ್ಣದ ಸಿರಪ್, ಮೆಡಿಕಲ್ ಶಾಪಿನವರು ಕೈಗಿಟ್ಟ ಗ್ಯಾಸ್ ಮಾತ್ರೆ, ಹೀಗೇ ಆರೇಳು ವರ್ಷ ಕಳೆದವು.

ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಓದುತ್ತಿದ್ದೇನೆ, ಈಗ ಐದನೇ ಸೆಮಿಸ್ಟರ್. ಹೋದ ವರ್ಷ ಹಟ ಮಾಡಿ ಅಪ್ಪನನ್ನು ಅಲ್ಲಿಯ ಒಂದು ಆಸ್ಪತ್ರೆಗೆ ಕರೆದೊಯ್ದೆ. ಎಂಡೋಸ್ಕೋಪಿ ಮಾಡಿದ ಡಾಕ್ಟರು ಮೊದಲು ಕೇಳಿದ್ದು ಮೈಕೈ ನೋವಿನ ಮಾತ್ರೆ ತಿನ್ನುತ್ತೀರಾ ಎಂದು. ಅಂಥ ಮಾತ್ರೆಗಳಿಂದಲೂ ಹೊಟ್ಟೆಯಲ್ಲಿ ಹುಣ್ಣಾಗುತ್ತದಂತೆ. ಅಪ್ಪ ಇಲ್ಲವೆಂದ. ಆಮೇಲೆ ಅವರು ಜಠರದಿಂದ ಎಳ್ಳುಕಾಳಿನಷ್ಟು ಚೂರು ಮಾಂಸ ತೆಗೆದು ಹಳದಿ ಜೆಲ್ ಇದ್ದ ಒಂದು ಪುಟ್ಟ ಡಬ್ಬಿಗೆ ಹಾಕಿದರು. ನಾವು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಂತೆ ಆ ಹಳದಿ ನಿಧಾನಕ್ಕೆ ಗುಲಾಬಿಯಾಯಿತು.

‘ಇದರಲ್ಲಿರೋದು ಯೂರಿಯಾ. ಅದನ್ನು ಒಡೆದು ಅಮೋನಿಯಾ ಮಾಡೋ ಬ್ಯಾಕ್ಟೀರಿಯಾ ನಿಮ್ಮ ಹೊಟ್ಟೆಯಲ್ಲಿದೆ. ಅದಕ್ಕೇ ಬಣ್ಣ ಬದಲಾಯ್ತು’ ಎಂದರು ಡಾಕ್ಟರು.

‘ಹೊಲಕ್ಕೆ ಹಾಕೋ ಯೂರಿಯಾನಾ ಸಾರ್?’ ಎಂದ ಅಪ್ಪ. 

ಅವರು ನಕ್ಕು, ‘ಅದೇ’ ಎಂದರು.

ಬ್ಯಾಕ್ಟೀರಿಯಾದ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಹುಣ್ಣು ಇದ್ದದ್ದು ಜಠರ ಮುಗಿದು ಸಣ್ಣ ಕರುಳು ಶುರುವಾಗುವ ಕಡೆ. ಎರಡು ಆ್ಯಂಟಿಬಯೋಟಿಕ್, ಜೊತೆಗೆ ಆಮ್ಲ ಕಡಿಮೆ ಮಾಡುವ ಒಂದು ಮಾತ್ರೆ, ಹದಿನಾಲ್ಕು ದಿನ ಬರೆದುಕೊಟ್ಟರು. ನಾನು ಅಪ್ಪನನ್ನು ಕೊಟ್ಟೂರಿನ ಬಸ್ಸು ಹತ್ತಿಸಿ ಇಂಟರ್ನಲ್ಸ್ ಓದಲು ಹಾಸ್ಟೆಲಿಗೆ ಬಂದುಬಿಟ್ಟೆ. ಮಾತ್ರೆ ತಗೊಂಡೆಯಾ ಎಂದು ಒಂದು ದಿನವೂ ಫೋನು ಮಾಡಿ ಕೇಳಲಿಲ್ಲ.

ಮೂರು ತಿಂಗಳ ಮೇಲೆ ಹಡಗಲಿ ಸಂತೆಯಲ್ಲಿ ಅಪ್ಪ ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡುತ್ತಿದ್ದವನು ಕಣ್ಣು ಕತ್ತಲೆ ಬಂದು ಬಟ್ಟೆ ಗಂಟಿನ ಮೇಲೆ ಕುಸಿದ. ಎರಡು ದಿನದಿಂದ ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿದ್ದರೂ ಯಾರಿಗೂ ಹೇಳಿರಲಿಲ್ಲ. ಹುಣ್ಣಿನಿಂದ ರಕ್ತ ಒಸರುತ್ತಿತ್ತು. ಎರಡು ಬಾಟಲಿ ರಕ್ತ ಏರಿಸಬೇಕಾಯಿತು. ಹಳೇ ಮಾತ್ರೆಗಳ ಬಗ್ಗೆ ಡಾಕ್ಟರು ಕೇಳಿದಾಗ ಅವ್ವ ಮನೆಯಿಂದ ತಂದ ಕವರ್ ಬಿಚ್ಚಿದಳು. ಅದರಲ್ಲಿ ಎಂಟು ದಿನದ ಮಾತ್ರೆ ಹಾಗೇ ಉಳಿದಿದ್ದವು. ‘ಆರು ದಿನಕ್ಕೇ ನೋವು ಹೋತು. ಬಾಯಾಗೆ ಕಬ್ಬಿಣ ಇಟ್ಟಂಗೆ ಆಗ್ತಿತ್ತು. ಮತ್ಯಾಕೆ ತಿನ್ನದು ಅಂತ ಬಿಟ್ಟೆ’ ಎಂದ ಅಪ್ಪ. 

ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತಿದ್ದ ಆ ನಾಲ್ಕು ದಿನ ನಾನು ಮೊಬೈಲಿನಲ್ಲಿ ಓದಿದ್ದೆಲ್ಲ ಈ ಒಂದೇ ಬ್ಯಾಕ್ಟೀರಿಯಾದ ಬಗ್ಗೆ. ನೋವು ಹೋದ ಮೇಲೂ ಅದು ಎಲ್ಲಿ ಅಡಗಿತ್ತು? ಆರೇಳು ವರ್ಷದ ಸೋಡಾ, ಸಿರಪ್ ಅದನ್ನು ಯಾಕೆ ಮುಟ್ಟಲಿಲ್ಲ? ಎರಡಕ್ಕೂ ಉತ್ತರ ಅದು ಚಲಿಸುವ ರೀತಿಯಲ್ಲೇ ಇತ್ತು.

ನಮ್ಮ ಜಠರದ ಆಮ್ಲ ಸಾಮಾನ್ಯದ್ದಲ್ಲ. ಅದರ ಪಿಎಚ್ ಒಂದರಿಂದ ಎರಡರ ಆಸುಪಾಸು. ಅಲ್ಲಿ ಯಾವ ಬ್ಯಾಕ್ಟೀರಿಯಾವೂ ನೆಲೆ ನಿಲ್ಲಲಾರದು ಎಂದೇ ವೈದ್ಯಲೋಕ ಬಹುಕಾಲ ನಂಬಿತ್ತು. ಹುಣ್ಣಿಗೆ ಕಾರಣ ಚಿಂತೆ, ಖಾರ, ಆಮ್ಲ ಎಂದು ನಮ್ಮವ್ವ ಹೇಳಿದ್ದನ್ನೇ ದೊಡ್ಡ ದೊಡ್ಡ ವೈದ್ಯರೂ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ಇಬ್ಬರು ವೈದ್ಯರಿಗೆ ಮಾತ್ರ ಜಠರದ ಚೂರುಗಳಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಾಣುತ್ತಿತ್ತು. ಆದರೆ ಅದನ್ನು ಬೆಳೆಸಲು ಹೋದರೆ ಬೆಳೆಯುತ್ತಿರಲಿಲ್ಲ. ಎರಡು ದಿನ ನೋಡಿ ತಟ್ಟೆ ಎಸೆಯುವುದು ಪ್ರಯೋಗಾಲಯದ ಪದ್ಧತಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆ ಎಸೆಯಲು ಯಾರೂ ಇರಲಿಲ್ಲ. ರಜೆ ಮುಗಿಸಿ ಬಂದು ನೋಡಿದರೆ ಅದು ಬೆಳೆದಿತ್ತು! ಆದರೂ ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾನೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಂತಿ, ಬಾಯಿ ದುರ್ವಾಸನೆ, ಜಠರದಲ್ಲಿ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಕಥೆ ಓದಿ ಹೇಳಿದಾಗ ಅಪ್ಪ, ‘ಆ ಪುಣ್ಯಾತ್ಮ ಬೇಕಂತ ಕುಡುದ, ನಾನು ಹೆಂಗ ಕುಡುದೆ?’ ಎಂದ. ಈ ಸೋಂಕು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಮನೆಯವರಿಂದ ಮನೆಯವರಿಗೆ ಅಂಟುತ್ತದೆ. ಎಷ್ಟೋ ಜನರಲ್ಲಿ ಜೀವನಪೂರ್ತಿ ತೊಂದರೆ ಕೊಡದೆ ಇದ್ದುಬಿಡುತ್ತದೆ. ಹುಣ್ಣಾಗುವುದು ಅವರಲ್ಲಿ ಕೆಲವರಿಗೆ ಮಾತ್ರ. ಹಾಗಂತ ನಿರ್ಲಕ್ಷಿಸುವಂತಿಲ್ಲ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿದೆ.

ಈಗ ಅದರ ಈಜಿನ ವಿಷಯ. ಈ ಬ್ಯಾಕ್ಟೀರಿಯಾ ಒಂದು ಮಿಲಿಮೀಟರ್ ಜಾಗದಲ್ಲಿ ಉದ್ದುದ್ದಕ್ಕೆ ಸುಮಾರು 300 ನಿಲ್ಲಬಹುದಾದಷ್ಟು ಚಿಕ್ಕದು. ಮೈ ಸ್ಕ್ರೂ ತರಹ ತಿರುಚಿಕೊಂಡಿದೆ. ಒಂದು ತುದಿಗೆ ಚಾವಟಿಯಂಥ ನಾಲ್ಕಾರು ಬಾಲಗಳಿವೆ. ಪ್ರತಿ ಬಾಲದ ಬುಡದಲ್ಲೂ ನಿಜವಾದ ಒಂದು ಮೋಟಾರು. ಹೊಟ್ಟೆಗೆ ಬಿದ್ದ ತಕ್ಷಣ ಅದು ಆಮ್ಲದಲ್ಲಿರುತ್ತದೆ, ಬಹಳ ಹೊತ್ತು ಅಲ್ಲೇ ಇದ್ದರೆ ಸಾವು. ಸುರಕ್ಷಿತ ಜಾಗ ಇರುವುದು ಜಠರದ ಗೋಡೆಯ ಹತ್ತಿರ. ಗೋಡೆಯ ಮೇಲೆ ಲೋಳೆಯ ಹೊದಿಕೆ ಇದೆ. ಲೋಳೆಯ ಹೊರಮೈಯಲ್ಲಿ ಕಡು ಆಮ್ಲ, ಒಳಗೆ ಹೋದಷ್ಟೂ ಆಮ್ಲ ಕಡಿಮೆ, ಗೋಡೆಗೆ ಅಂಟಿದಂತೆ ಬಹುತೇಕ ನೀರಿನಷ್ಟೇ ಸೌಮ್ಯ. ಕಣ್ಣಿಲ್ಲದ, ಮಿದುಳಿಲ್ಲದ ಒಂದೇ ಕೋಶದ ಜೀವಿಗೆ ಗೋಡೆ ಯಾವ ಕಡೆ ಎಂದು ಗೊತ್ತಾಗುವುದು ಹೇಗೆ?

ಹಡಗಲಿ ಮಲ್ಲಿಗೆ ಗೊತ್ತಲ್ಲ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಮ್ಮ ಕಡೆಯ ಹೂವು. ಅಪ್ಪ ಹಡಗಲಿ ಸಂತೆಯಿಂದ ಬರುವಾಗ ಅವ್ವನಿಗೆ ಒಂದು ಪೊಟ್ಟಣ ತರುತ್ತಿದ್ದ. ನಾನೂ ತಮ್ಮನೂ ಚಿಕ್ಕವರಿದ್ದಾಗ ಒಂದು ಆಟವಾಡುತ್ತಿದ್ದೆವು. ಒಬ್ಬರ ಕಣ್ಣಿಗೆ ಟವೆಲ್ ಕಟ್ಟಿ, ಇನ್ನೊಬ್ಬರು ಆ ಪೊಟ್ಟಣವನ್ನು ಮನೆಯಲ್ಲೆಲ್ಲೋ ಬಚ್ಚಿಡುವುದು. ಕಣ್ಣು ಕಟ್ಟಿದವರು ನಾಲ್ಕು ಹೆಜ್ಜೆ ನಡೆದು ಮೂಸಬೇಕು. ವಾಸನೆ ಮೊದಲಿಗಿಂತ ಜೋರಾಗಿದೆಯೇ? ಹಾಗಾದರೆ ಅದೇ ದಿಕ್ಕಿಗೆ ಇನ್ನಷ್ಟು ಮುಂದೆ. ಕಡಿಮೆಯಾಯಿತೇ? ತಿರುಗು, ಬೇರೆ ದಿಕ್ಕು ನೋಡು. ಹಾಗೆ ಹೀಗೆ ಓಲಾಡುತ್ತ ಕೊನೆಗೆ ಅಕ್ಕಿ ಡಬ್ಬಿಯ ಹಿಂದೆ ಕೈ ಹೋಗುತ್ತಿತ್ತು.

ಬ್ಯಾಕ್ಟೀರಿಯಾ ಮಾಡುವುದು ಸರಿಯಾಗಿ ಇದನ್ನೇ. ಅದರ ಮೈ ಎಷ್ಟು ಚಿಕ್ಕದೆಂದರೆ ತಲೆಯ ಕಡೆ ವಾಸನೆ ಹೆಚ್ಚೋ ಬಾಲದ ಕಡೆ ಹೆಚ್ಚೋ ಎಂದು ಹೋಲಿಸಿ ನೋಡಲು ಸಾಧ್ಯವೇ ಇಲ್ಲ. ಆದ್ದರಿಂದ ಈಗಿನದನ್ನು ಸ್ವಲ್ಪ ಹೊತ್ತಿನ ಹಿಂದಿನದಕ್ಕೆ ಹೋಲಿಸುತ್ತದೆ. ಅಂದರೆ ಅದಕ್ಕೆ ಕೆಲವೇ ಸೆಕೆಂಡುಗಳ ಒಂದು ನೆನಪಿದೆ. ಪರಿಸ್ಥಿತಿ ಸುಧಾರಿಸುತ್ತಿದ್ದರೆ ನೇರ ಈಜು, ಕೆಡುತ್ತಿದ್ದರೆ ಮೋಟಾರು ತಿರುಗುವ ದಿಕ್ಕು ಬದಲಿಸಿ ಹೊಸ ಕಡೆಗೆ ಹೊರಡು. ರಾಸಾಯನಿಕದ ಜಾಡು ಹಿಡಿದು ಹೀಗೆ ಚಲಿಸುವುದಕ್ಕೆ ಕೀಮೋಟ್ಯಾಕ್ಸಿಸ್ ಎಂದು ಹೆಸರು. ಅಮೆರಿಕದ ಜೂಲಿಯಸ್ ಆ್ಯಡ್ಲರ್ 1960ರ ದಶಕದಲ್ಲಿ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇದನ್ನು ಬಿಡಿಸಿ ತೋರಿಸಿದರು. 1972ರಲ್ಲಿ ಹೊವರ್ಡ್ ಬರ್ಗ್ ಎಂಬ ಭೌತವಿಜ್ಞಾನಿ ಒಂದೊಂದೇ ಬ್ಯಾಕ್ಟೀರಿಯಾವನ್ನು ಬೆನ್ನಟ್ಟುವ ಸೂಕ್ಷ್ಮದರ್ಶಕ ಕಟ್ಟಿ ಅದರ ಓಟ, ಹೊರಳಾಟ ಎಲ್ಲವನ್ನೂ ಅಳೆದರು. ಇ. ಕೋಲಿ ಹೊಸ ದಿಕ್ಕಿಗೆ ಹೊರಳುವಾಗ ಇದ್ದಲ್ಲೇ ಪಲ್ಟಿ ಹೊಡೆಯುತ್ತದೆ. ನಮ್ಮ ಹೊಟ್ಟೆಯದು ರಿವರ್ಸ್ ಗೇರ್ ಹಾಕುತ್ತದೆ.

ಇಷ್ಟಕ್ಕೂ ಇದು ಹಿಡಿಯುವ ವಾಸನೆ ಯಾವುದು? ಒಂದು, ಆಮ್ಲ. ಅದು ಹೆಚ್ಚಿರುವ ಕಡೆಯಿಂದ ದೂರ ಓಡುತ್ತದೆ. ಇನ್ನೊಂದು, ಡಾಕ್ಟರ ಡಬ್ಬಿಯಲ್ಲಿದ್ದ ಅದೇ ಯೂರಿಯಾ. ನಾವು ತಿಂದ ಬೇಳೆ, ಕಾಳು, ಹಾಲಿನ ಪ್ರೋಟೀನು ಒಡೆದಾಗ ಯಕೃತ್ತು ಯೂರಿಯಾ ತಯಾರಿಸುತ್ತದೆ. ಬಹುಪಾಲು ಮೂತ್ರದಲ್ಲಿ ಹೋಗುತ್ತದೆ, ಆದರೆ ರಕ್ತದಲ್ಲಿರುವ ಯೂರಿಯಾ ಸ್ವಲ್ಪ ಸ್ವಲ್ಪವೇ ಜಠರದ ಗೋಡೆಯಿಂದಲೂ ಜಿನುಗುತ್ತದೆ. ಬ್ಯಾಕ್ಟೀರಿಯಾದ ಮೇಲೆ ಟಿಎಲ್‌ಪಿಬಿ ಎಂಬ ಗ್ರಾಹಕ ಪ್ರೋಟೀನ್ ಇದೆ, ಅದಕ್ಕೆ ಯೂರಿಯಾ ಬಂದು ಕೂರುತ್ತದೆ. ಯೂರಿಯಾ ಹೆಚ್ಚುತ್ತಿದೆ ಎಂದರೆ ಗೋಡೆ ಹತ್ತಿರ ಬರುತ್ತಿದೆ ಎಂದರ್ಥ. 2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮ್ಯಾನ್ಯುಯೆಲ್ ಅಮೀವಾ ಅವರ ತಂಡ ಕೂದಲಿನಂಥ ಪಿಪೆಟ್‌ನಿಂದ ಯೂರಿಯಾ ಬಿಟ್ಟು ನೋಡಿತು. ಬ್ಯಾಕ್ಟೀರಿಯಾಗಳು ಪಿಪೆಟ್‌ನ ಮೂತಿಗೇ ಮುತ್ತಿಕೊಂಡವು. ಅತ್ಯಲ್ಪ ಯೂರಿಯಾ ಇದ್ದರೂ ಅವು ಪತ್ತೆ ಹಚ್ಚುತ್ತಿದ್ದವು.

ನನಗೆ ಬಹಳ ಹಿಡಿಸಿದ್ದು ಮುಂದಿನ ಸಂಗತಿ. ಇದೇ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಯೂರಿಯಾ ಚೀಲ ನೆನೆದರೆ ಮೂಗಿಗೆ ಅಡರುತ್ತಲ್ಲ, ಅದೇ ಅಮೋನಿಯಾ. ಅದು ಸುತ್ತಲಿನ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಲೋಳೆಯ ಗುಣವೇನೆಂದರೆ ಆಮ್ಲದಲ್ಲಿ ಅದು ಗಟ್ಟಿ ಜೆಲ್, ಆಮ್ಲ ಹೋದರೆ ತೆಳ್ಳಗಿನ ದ್ರವ. ಅಂದರೆ ಈ ಜೀವಿ ತನ್ನ ಮುಂದಿನ ದಾರಿಯನ್ನು ತಾನೇ ಕರಗಿಸಿಕೊಂಡು ಈಜುತ್ತದೆ. ಜೊತೆಗೆ ತನ್ನ ಸುತ್ತಲಿನ ಯೂರಿಯಾವನ್ನೂ ತಿಂದು ಮುಗಿಸುವುದರಿಂದ ಗೋಡೆಯ ಕಡೆಯಿಂದ ಹೊಸದಾಗಿ ಬರುವ ಯೂರಿಯಾ ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ. ಸದ್ದು ಮಾಡುವ ಫ್ಯಾನು ಆಫ್ ಮಾಡಿ ದೂರದ ದನಿ ಕೇಳಿಸಿಕೊಂಡ ಹಾಗೆ. ಒಂದೇ ಪದಾರ್ಥ ಅದಕ್ಕೆ ದಿಕ್ಸೂಚಿ, ಗುರಾಣಿ, ಗುದ್ದಲಿ ಎಲ್ಲವೂ. ನಮ್ಮ ಲ್ಯಾಬಿನ ಯಾವ ಪ್ರಾಜೆಕ್ಟೂ ಇಷ್ಟು ಮಿತವ್ಯಯಿ ಅಲ್ಲ.

ಹಾಸ್ಟೆಲಿಗೆ ವಾಪಸ್ಸು ಬಂದ ಮೇಲೆ ಒಂದು ರಾತ್ರಿ ಪೈಥಾನ್‌ನಲ್ಲಿ ಮೂವತ್ತು ಸಾಲಿನ ಪ್ರೋಗ್ರಾಂ ಬರೆದೆ. ಪರದೆಯ ಮೇಲೆ ಐನೂರು ಚುಕ್ಕಿಗಳು, ಎಡಗಡೆ ಗೋಡೆ, ಗೋಡೆಯಿಂದ ಕಡಿಮೆಯಾಗುತ್ತ ಹೋಗುವ ಯೂರಿಯಾ. ಚುಕ್ಕಿಗಳಿಗೆ ನೆನಪು ಕೊಡದಿದ್ದಾಗ ಅವು ಸುಮ್ಮನೆ ಚೆಲ್ಲಾಪಿಲ್ಲಿ. ‘ಹಿಂದಿನ ಹೆಜ್ಜೆಗಿಂತ ಹೆಚ್ಚಿದ್ದರೆ ತಿರುಗಬೇಡ’ ಎಂಬ ಒಂದೇ ಸಾಲು ಸೇರಿಸಿದೆ, ನೋಡನೋಡುತ್ತ ಚುಕ್ಕಿಗಳು ಗೋಡೆಗೆ ಅಂಟಿಕೊಂಡವು. ರೂಮ್‌ಮೇಟ್ ‘ಇದು ಕಂಟ್ರೋಲ್ ಸಿಸ್ಟಮ್ಸ್ ಕಣೇ’ ಎಂದಳು. ನಿಜ. ಇ. ಕೋಲಿಯ ಈ ವ್ಯವಸ್ಥೆಯಲ್ಲಿ ನಾವು ಓದುವ ಇಂಟಿಗ್ರಲ್ ಫೀಡ್‌ಬ್ಯಾಕ್ ಇದೆ ಎಂದು 2000ದಲ್ಲೇ ಸಂಶೋಧಕರು ಗಣಿತದಿಂದ ತೋರಿಸಿದ್ದಾರೆ. ವಾಸನೆಯ ಒಟ್ಟು ಪ್ರಮಾಣ ಎಷ್ಟೇ ಇರಲಿ, ಅದಕ್ಕೆ ಒಗ್ಗಿಕೊಂಡು ಬದಲಾವಣೆಗೆ ಮಾತ್ರ ಸ್ಪಂದಿಸುವ ಗುಣ ಅದು. ಅದಕ್ಕೆ ಇ. ಕೋಲಿ ಬಳಸುವ ಎರಡು ಮುಖ್ಯ ಪ್ರೋಟೀನ್‌ಗಳು ಪೈಲೋರಿಯಲ್ಲಿ ಇಲ್ಲವೇ ಇಲ್ಲ, ಅದರದ್ದು ಬೇರೆಯೇ ಏರ್ಪಾಡು. ಪಠ್ಯದಲ್ಲಿ ಈ ಅಧ್ಯಾಯ ನನಗೆ ಕಬ್ಬಿಣದ ಕಡಲೆಯಾಗಿತ್ತು. ಅಪ್ಪನ ಹೊಟ್ಟೆಯಿಂದ ಅರ್ಥವಾಯಿತು ಎನ್ನಲು ನಾಚಿಕೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಶ್ ಘೋಷ್ ಅವರ ತಂಡ ಬ್ಯಾಕ್ಟೀರಿಯಾದ ಬಾಲವನ್ನೇ ಹೋಲುವ ಸುರುಳಿ ನ್ಯಾನೋ ರೋಬೋಟುಗಳನ್ನು ಮಾಡಿದೆ. ಸಿಲಿಕಾದ ಮೈ, ಮೇಲೆ ಕಬ್ಬಿಣದ ಲೇಪ. ಹೊರಗಿನಿಂದ ಕಾಂತಕ್ಷೇತ್ರ ತಿರುಗಿಸಿದರೆ ಇವೂ ತಿರುಗುತ್ತ ಮುಂದೆ ಸಾಗುತ್ತವೆ. ಹಲ್ಲಿನೊಳಗಿನ ಸೂಕ್ಷ್ಮ ನಾಳಗಳಿಗೆ ಇಳಿದು, ಅಲ್ಲಿ ಬಿಸಿಯಾಗಿ ಬ್ಯಾಕ್ಟೀರಿಯಾ ಕೊಲ್ಲುವಂತೆ ಮಾಡಬಹುದೆಂದು 2022ರಲ್ಲಿ ತೋರಿಸಿದರು. ಓದಿ ಹೆಮ್ಮೆಯಾಯಿತು. ಆದರೆ ಅವಕ್ಕೆ ದಾರಿ ತೋರಿಸಲು ಹೊರಗೆ ಒಬ್ಬರು ಕೂತಿರಬೇಕು. ಅಪ್ಪನ ಹೊಟ್ಟೆಯಲ್ಲಿದ್ದವಕ್ಕೆ ಯಾರೂ ಬೇಕಿರಲಿಲ್ಲ.

ಡಾಕ್ಟರು ಯಾಕೆ ಹದಿನಾಲ್ಕು ದಿನ ಎಂದರು ಎಂಬುದು ಇಷ್ಟು ಓದಿದ ಮೇಲೆ ತಿಳಿಯಿತು. 2004ರಲ್ಲಿ ಜರ್ಮನಿಯ ಸಂಶೋಧಕರು ಜರ್ಬಿಲ್ ಎಂಬ ಇಲಿಯಂಥ ಪ್ರಾಣಿಯ ಜಠರದಲ್ಲಿ ನೋಡಿದಾಗ ಹೆಚ್ಚಿನ ಬ್ಯಾಕ್ಟೀರಿಯಾಗಳು ಗೋಡೆಯಿಂದ ಮಿಲಿಮೀಟರಿನ ನಲವತ್ತನೇ ಒಂದು ಭಾಗದಷ್ಟು ಅಂತರದೊಳಗೇ ಇದ್ದವು. ಕೆಲವು ಇನ್ನೂ ಒಳಗೆ, ಗೋಡೆಯಲ್ಲಿರುವ ಗ್ರಂಥಿಗಳ ತಳಕ್ಕೆ ಹೋಗಿ ಬಿಡಾರ ಹೂಡುತ್ತವೆ. ಹೊಟ್ಟೆಯಲ್ಲಿ ಗಾಯವಾದರೆ ಅಲ್ಲಿಗೂ ಬೇಗನೆ ಜಮಾಯಿಸುತ್ತವೆ ಎಂದು ಇಲಿಗಳಲ್ಲಿ ಕಂಡುಬಂದಿದೆ. ಸೋಡಾ, ಸಿರಪ್ ಎಲ್ಲ ಲೋಳೆಯ ಹೊರಗಿನ ಆಮ್ಲವನ್ನು ಒಂದಷ್ಟು ಹೊತ್ತು ತಣಿಸುತ್ತವೆ, ಅಷ್ಟೇ. ಉರಿ ನಿಲ್ಲುತ್ತದೆ, ಉರಿಸಿದವರು ಹೊದಿಕೆಯೊಳಗೆ ಬೆಚ್ಚಗಿರುತ್ತಾರೆ. ಆ್ಯಂಟಿಬಯೋಟಿಕ್‌ನ ಮೊದಲ ಆರು ದಿನಕ್ಕೆ ಸುಲಭಕ್ಕೆ ಸಿಕ್ಕವು ಸತ್ತವು, ನೋವು ಹೋಯಿತು. ಮೂಲೆಯಲ್ಲಿ ಉಳಿದವು ಮೂರು ತಿಂಗಳಲ್ಲಿ ಮತ್ತೆ ಸಂಸಾರ ಬೆಳೆಸಿದವು. ಅರ್ಧಕ್ಕೆ ಬಿಟ್ಟ ಔಷಧವನ್ನು ತಡೆದುಕೊಳ್ಳಲು ಕಲಿತಿರಲೂಬಹುದು, ಅದಕ್ಕೇ ಎರಡನೇ ಸಲ ಡಾಕ್ಟರು ಬೇರೆಯದೇ ಔಷಧಗಳನ್ನು ಬರೆದರು. ನಾಲ್ಕು ಬಗೆ, ಮತ್ತೆ ಹದಿನಾಲ್ಕು ದಿನ. ಅದರಲ್ಲೊಂದು ಬಿಸ್ಮತ್. ಅದರಿಂದಲೂ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ, ಆದರೆ ಡಾಂಬರಿನಂತೆ ಅಂಟಂಟಾಗಿ ನಾರಿದರೆ, ತಲೆ ತಿರುಗಿದರೆ ಕೂಡಲೇ ಬನ್ನಿ ಎಂದು ಎರಡೆರಡು ಸಲ ಹೇಳಿದರು.

ಅಪ್ಪನಿಗೆ ಇದೆಲ್ಲ ಹೇಗೆ ಹೇಳುವುದು? ಡಿಸ್ಚಾರ್ಜ್ ಆದ ದಿನ ಮಲ್ಲಿಗೆ ಆಟ ನೆನಪಿಸಿ ಶುರುಮಾಡಿದೆ. ಅವನು ಸ್ವಲ್ಪ ಹೊತ್ತು ಕೇಳಿ, ‘ಅಂದ್ರೆ ನಮ್ಮ ಸಂತೆ ವ್ಯಾಪಾರ ಇದ್ದಂಗೆ ಅನ್ನು’ ಎಂದ. ‘ಹೋದ ವಾರಕ್ಕಿಂತ ಈ ವಾರ ಗಿರಾಕಿ ಜಾಸ್ತಿ ಬಂದ್ರೆ ಅದೇ ಸಂತೆ, ಅದೇ ಜಾಗ. ಕಮ್ಮಿ ಆದ್ರೆ ಗಂಟು ಕಟ್ಟು, ಬ್ಯಾರೆ ಊರು ನೋಡು. ನಾನೇನು ಎಲ್ಲಾ ಊರು ಒಮ್ಮೆಲೆ ನೋಡಾಕಾಗುತ್ತಾ? ಹೋದ ಸಲದ್ದು ನೆನಪಿಟ್ಕಂಡೇ ಅಲ್ವಾ ಹೋಗದು?’ ನಾನು ನಾಲ್ಕು ದಿನ ಓದಿದ್ದನ್ನು ಅವನು ನಾಲ್ಕು ಮಾತಿನಲ್ಲಿ ಹೇಳಿದ್ದ. ಆಮೇಲೆ ತಾನೇ ಸೇರಿಸಿದ, ‘ಹಂಗಾದ್ರೆ ಅವು ಒಳ್ಳೆ ಜಾಗ ಹಿಡದು ಕುಂತಾವೆ. ಸುಮ್ನೆ ಏಳಂಗಿಲ್ಲ.’

ಈ ಸಲ ಹದಿನಾಲ್ಕು ರಾತ್ರಿಯೂ ಎಂಟೂವರೆಗೆ ಫೋನು ಮಾಡಿದೆ. ಒಂಬತ್ತನೇ ದಿನ ಬಾಯಿ ರುಚಿ ಕೆಟ್ಟು, ವಾಕರಿಕೆ ಬಂದು, ಸಾಕು ಮಾಡುತ್ತೇನೆ ಎಂದು ಜಗಳವಾಡಿದ. ಅವ್ವ ಫೋನು ಕಸಿದುಕೊಂಡು, ‘ನೀ ಓದ್ಕೋ, ನಾ ನೋಡ್ಕೊಂತೀನಿ’ ಎಂದಳು. ಹೇಗೆ ನೋಡಿಕೊಂಡಳೋ ಕೇಳಲಿಲ್ಲ. ಹದಿನೈದನೇ ದಿನ ತಮ್ಮ ಖಾಲಿ ಮಾತ್ರೆ ಪಟ್ಟಿಗಳನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಜೋಡಿಸಿ ಫೋಟೊ ಕಳಿಸಿದ.

ಬ್ಯಾಕ್ಟೀರಿಯಾ ನಿಜವಾಗಿ ಹೋಯಿತೇ ಎಂದು ನೋಡಲು ಆ್ಯಂಟಿಬಯೋಟಿಕ್ ಮುಗಿದು ಕನಿಷ್ಠ ನಾಲ್ಕು ವಾರ ಆಗಬೇಕು, ಆಮ್ಲದ ಮಾತ್ರೆ ನಿಲ್ಲಿಸಿ ಎರಡು ವಾರ ಆಗಿರಬೇಕು. ಇಲ್ಲದಿದ್ದರೆ ಇದ್ದೂ ಇಲ್ಲವೆಂದು ತೋರಿಸಬಹುದು. ಪರೀಕ್ಷೆಯೂ ಯೂರಿಯಾದ್ದೇ. ವಿಶೇಷ ಇಂಗಾಲದಿಂದ ಮಾಡಿದ ಯೂರಿಯಾ ಕುಡಿಸಿ ಉಸಿರು ಹಿಡಿಯುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದನ್ನು ಒಡೆದು ಆ ಇಂಗಾಲ ಉಸಿರಿನಲ್ಲಿ ಬರುತ್ತದೆ. ಅಪ್ಪ ಜಾತ್ರೆಯ ಬಲೂನು ಊದುವಂತೆ ಕೆನ್ನೆ ಉಬ್ಬಿಸಿ ಚೀಲ ತುಂಬಿಸಿದ. ರಿಪೋರ್ಟ್ ಬರುವ ತನಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆವು. ನೆಗೆಟಿವ್ ಎಂದು ಬಂತು. ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ನೆಗೆಟಿವ್ ಎಂದರೆ ಕೆಟ್ಟದ್ದು ಎಂದುಕೊಂಡು ಮುಖ ಸಣ್ಣದು ಮಾಡಿದ. ಬಿಡಿಸಿ ಹೇಳುವಷ್ಟರಲ್ಲಿ ನನಗೇ ಅಳು ಬಂದಿತ್ತು.

ಕಳೆದ ತಿಂಗಳು ರಜೆಗೆ ಹೋದಾಗ ಕೊಟ್ಟೂರು ಸಂತೆಗೆ ಅವನ ಜೊತೆ ನಾನೂ ಹೋಗಿದ್ದೆ. ಮಧ್ಯಾಹ್ನ ಅವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ರೊಟ್ಟಿ, ಹೆಸರುಕಾಳು ಪಲ್ಯ ತಿಂದೆವು. ಊಟ ಮುಗಿಸಿ ಕೈ ತೊಳೆದ ಅಪ್ಪ ಎದುರಿನ ಬಂಡಿಯ ಕಡೆ ನೋಡಿದ, ನನ್ನ ಕಡೆ ನೋಡಿದ. ‘ಮಿರ್ಚಿದೇನು ತಪ್ಪಿಲ್ಲ ಅಂದಿದ್ದೆಲ್ಲ?’ ಎಂದ. ಎರಡು ತಂದ. ಒಂದು ನನಗೆ.